ಚಿಕ್ಕಪ್ಪನಿಗೆ ಮದ್ದು ಹಾಕಿದವರು

ನಮ್ಮ ಚಿಕ್ಕಪ್ಪ ಕೂತದ್ದನ್ನು ಕಂಡವರು ಮುಳಬಾಗಿಲಿನಲ್ಲಿ ಯಾರಾದರೂ ಇದ್ದರೆ ಮುಂದೆ ಬರಲಿ! ಮುದ್ದೆ ನುಂಗುವುದು ನಿಂತೇ. ಕೋಲಾರದ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಅಜ್ಜಿ ಗೊಣಗುತ್ತಿದ್ದಳು.

ಅವರು ಮಾಡುತ್ತಿದ್ದ ಘನಕಾರ್ಯವಾದರೂ ಏನು? ಸರ್ಕಾರಕ್ಕೆ ಸಲಹೆ ಕೊಡುವುದು! ಸರ್ಕಾರ ಕೇಳಿತ್ತೇ? ಅದಕ್ಕೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು?

ಇದು ಎಪ್ಪತ್ತರ ದಶಕದ ಮಾತು. ಗಂಡು ಡಾಕ್ಟರು ಮುಟ್ಟುತ್ತಾರೆಂದು ನಮ್ಮ ಹೆಂಗಸರು ಹೆರಿಗೆಗೆ ಆಸ್ಪತ್ರೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಹಾಗೆ ಮನೆಯಲ್ಲೇ ನರಳಿ ಜೀವ ಬಿಟ್ಟವರಲ್ಲಿ ಚಿಕ್ಕಪ್ಪನ ತಂಗಿ, ನನ್ನ ಸೋದರತ್ತೆಯೂ ಒಬ್ಬಳು. ಬೆಂಗಳೂರಿನಿಂದ ವರ್ಗವಾಗಿ ಬಂದ ಲೇಡಿ ಡಾಕ್ಟರುಗಳೋ, ಊರು ನೋಡಿ ಬಂದ ಬಸ್ಸಿನಲ್ಲೇ ತಿರುಗಿ ಹೋಗುತ್ತಿದ್ದರು. ಚಿಕ್ಕಪ್ಪ ಇದಕ್ಕೊಂದು ದಾರಿ ಕಂಡುಹಿಡಿದರು. ಮೆಡಿಕಲ್ ಕಾಲೇಜಿನಲ್ಲಿ ನಮ್ಮಂಥ ತಾಲ್ಲೂಕಿನ ಹುಡುಗಿಯರಿಗೆ ಸೀಟು ಮೀಸಲಿಡಬೇಕು, ಓದಿದವರು ಇಲ್ಲೇ ಬಂದು ದುಡಿಯಬೇಕು. ಕೋಲಾರದ ಕಚೇರಿಗಳಲ್ಲಿ ಕೈಗೆ ಸಿಕ್ಕವರಿಗೆಲ್ಲ ಇದೇ ಪ್ರವಚನ, ಅದೂ ನಿಂತುಕೊಂಡು! ಕೇಳಿ ಕೇಳಿ ಸುಸ್ತಾದ ಸಾಹೇಬರೊಬ್ಬರು, ಕೂತಾದರೂ ಮಾತಾಡಿ ಮಾರಾಯರೇ ಎಂದರಂತೆ.

"ನಾನು ಕೂತ್ರೆ ಫೈಲೂ ಕೂತ್ಬಿಡ್ತದೆ ಸಾರ್," ಎಂದರಂತೆ ಚಿಕ್ಕಪ್ಪ.

ಜನರೂ ಜೊತೆಗೆ ಬರಲಿ ಎಂದು ಆಂಧ್ರದ ಗಡಿಯ ಹಳ್ಳಿಯೊಂದಕ್ಕೆ ಹೋದರು. ಹುರುಪು ಹೆಚ್ಚಾಗಿ ಭಾಷಣ ತೆಲುಗಿಗೆ ಹೊರಳಿತು. "ಡಾಕ್ಟರಮ್ಮನಿ ತೆಪ್ಪಿಸ್ತಾನು, ಇಂಟಿಂಟಿಕೀ ಮಂದು ಪೆಟ್ಟಿಸ್ತಾನು!" ಡಾಕ್ಟರಮ್ಮನನ್ನು ಕರೆಸುತ್ತೇನೆ, ಮನೆಮನೆಗೂ ಔಷಧಿ ಕೊಡಿಸುತ್ತೇನೆ ಎಂಬುದು ಅವರ ಮನಸ್ಸಿನಲ್ಲಿದ್ದದ್ದು. ಆದರೆ ನಮ್ಮ ಸೀಮೆಯಲ್ಲಿ ಮಂದು ಪೆಟ್ಟುವುದು ಎಂದರೂ ಮದ್ದು ಹಾಕುವುದು ಎಂದರೂ ಒಂದೇ: ಅನ್ನದಲ್ಲಿ ಏನೋ ಬೆರೆಸಿ ತಿನ್ನಿಸಿ, ತಿಂದವರನ್ನು ವಶ ಮಾಡಿಕೊಳ್ಳುವುದು! ಅಲ್ಲಿಗೆ ಮುಗಿಯಿತು. ಚಿಕ್ಕಪ್ಪ ಮುಟ್ಟಿದ ಲೋಟವನ್ನು ಆ ಊರಲ್ಲಿ ಯಾರೂ ಮುಟ್ಟಲಿಲ್ಲ. ತಪ್ಪು ಬಿಡಿಸಿ ಹೇಳಲು ಮರುದಿನವೇ ಓಡಿದರೆ, ಇವರನ್ನು ಕಂಡದ್ದೇ ಕದಗಳು ದಢಾರನೆ ಮುಚ್ಚಿಕೊಂಡವು. ನಮ್ಮ ಮನೆಯಲ್ಲಂತೂ ಅವರಿಗೆ ಊಟ ಬಡಿಸುವಾಗಲೆಲ್ಲ, ಮದ್ದು ಹಾಕಿದ್ದೀವಿ ನೋಡಿ ಎಂದು ಇದೇ ತಮಾಷೆ. ಅವರು ನಿಂತೇ ಉಂಡು, ನಗದೆ ಬಸ್ಸಿಗೆ ಹೊರಡುತ್ತಿದ್ದರು.

ಆಮೇಲೆ ಕಾನೂನು ಬದಲಾಯಿತೋ, ಇವರ ಕಾಟ ತಾಳಲಾರದೆ ಯಾರಾದರೂ ಪುಣ್ಯಾತ್ಮರು ಕಳಿಸಿಕೊಟ್ಟರೋ, ಶ್ರೀನಿವಾಸಪುರದ ಕಡೆಯ ಡಾಕ್ಟರಮ್ಮ ಒಬ್ಬರು ನಮ್ಮ ಆಸ್ಪತ್ರೆಗೆ ಬಂದರು. ಬಂದ ಬಸ್ಸಿನಲ್ಲಿ ತಿರುಗಿ ಹೋಗಲಿಲ್ಲ.

ನನ್ನ ಚೊಚ್ಚಲ ಹೆರಿಗೆ ಅವರ ಕೈಯಲ್ಲೇ ಆಯಿತು. ನಾನು ಒಳಗೆ ನರಳುವಷ್ಟು ಹೊತ್ತೂ ಹೊರಗೆ ಚಿಕ್ಕಪ್ಪನ ಚಪ್ಪಲಿಯ ಸದ್ದು ನಿಲ್ಲಲೇ ಇಲ್ಲ. ಸತ್ತ ಸೋದರತ್ತೆಯ ನೆನಪು ಅವರನ್ನು ಹಿಂಡುತ್ತಿದೆ ಎಂದು ಆ ನೋವಿನಲ್ಲೂ ನನಗೆ ಗೊತ್ತಾಗುತ್ತಿತ್ತು. ಮಗು ಅತ್ತಿತು. ಡಾಕ್ಟರಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ಒಯ್ದು, ಕೂತರೆ ಮಾತ್ರ ಕೊಡುತ್ತೇನೆ ಎಂದರು.

ಚಿಕ್ಕಪ್ಪ ಕೂತರು!

ನನ್ನನ್ನು ವಾರ್ಡಿಗೆ ಕರೆತಂದಾಗಲೂ ಹೊರಗಿನ ಬೆಂಚಿನ ಮೇಲೆ, ನನ್ನ ಮಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಲುಗಾಡದೆ ಕೂತಿದ್ದರು.

"ಏನ್ ಚಿಕ್ಕಪ್ಪ, ನಿಮ್ಗ್ಯಾರು ಮದ್ದು ಹಾಕಿದ್ದು?" ಎಂದೆ.

ಕಣ್ಣು ತುಂಬಿ ಹರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಇವಳೇ ಕಣಮ್ಮ," ಎಂದರು.