ಎರಡು ಲಾರಿ ಎಲ್ಲಿ ಸೇರುತ್ತವೆ?

ಸ್ಟಾರ್ಟಪ್ ಕಂಪನಿಗಳಲ್ಲಿ ಕೆಲಸ ಸಿಗೋಕೆ ಮುಂಚೆ ಒಂದು ಒಗಟು ಬಿಡಿಸಬೇಕು. ಉತ್ತರ ಹೊಳೆಯದಿದ್ದರೆ ನಮ್ಮ ತಪ್ಪು, ಸರಿ. ಪ್ರಶ್ನೆಯೇ ಅರ್ಥವಾಗದಿದ್ದರೂ ನಮ್ಮದೇ ತಪ್ಪು. ತಮಿಳುನಾಡಿನ ಸೇಲಂನಲ್ಲಿ ಎಂ.ಸಿ.ಎ. ಮುಗಿಸಿ ಕೆಲಸ ಹುಡುಕುವಾಗ ನಾನು ಇಂಥ ತಪ್ಪುಗಳನ್ನು ಬೇಕಾದಷ್ಟು ಮಾಡಿದೆ.

ಲಾರಿ

ಸೇಲಂ ಹತ್ತಿರದ ಶಂಕಗಿರಿಯಲ್ಲಿ ಮನೆಗೊಂದು ಲಾರಿ. ಆ ಲಾರಿಗಳಿಗೆ ಫೋನಿನಲ್ಲೇ ಲೋಡು ಹುಡುಕಿಕೊಡೋ ಹೊಸ ಕಂಪನಿಯೊಂದು ಅರ್ಜಿಯ ಜೊತೆ ಕೇಳಿತ್ತು: ‘ಒಂದು ಲಾರಿ ಶಂಕಗಿರಿಯಿಂದ ಹೊರಡುತ್ತದೆ. ಇನ್ನೊಂದು ಸೇಲಂನಿಂದ ಹೊರಡುತ್ತದೆ. ಎರಡೂ ಎಲ್ಲಿ ಸೇರುತ್ತವೆ?’

ಎಷ್ಟು ಹೊತ್ತಿಗೆ ಹೊರಟವು, ಎಷ್ಟು ವೇಗ, ಯಾವ ಕಡೆಗೆ, ಒಂದೂ ಇಲ್ಲ. ಫೋನ್ ಮಾಡಿ ಕೇಳಿದೆ. “ಅದನ್ನೆಲ್ಲ ನೀವೇ ಊಹಿಸಿಕೊಳ್ಳಿ” ಅಂದರು.

ಊಟಕ್ಕೆ ಕೂತಿದ್ದ ಅಪ್ಪನನ್ನು ಕೇಳಿದೆ.

“ಎರಡು ಲಾರಿ ಸೇರಬಾರ್ದು ಕಣಮ್ಮ. ಸೇರಿದ್ರೆ ಆಕ್ಸಿಡೆಂಟು” ಅಂದ್ರು, ಸಾರು ಬಡಿಸಿಕೊಳ್ಳುತ್ತಾ.

ನಾನು ಏನೇನೋ ಊಹಿಸಿ, ಲೆಕ್ಕ ಹಾಕಿ, ದಾರಿಯಲ್ಲಿನ ಒಂದೂರಿನ ಹೆಸರು ಬರೆದೆ. ತಪ್ಪಂತೆ. ಸರಿಯುತ್ತರ: ‘ನಮ್ಮ ಆ್ಯಪ್‌ನಲ್ಲಿ.’

ಗೆಜ್ಜೆ

ಇದು ಬೆಳ್ಳಿ ಗೆಜ್ಜೆಗಳನ್ನು ಆನ್‌ಲೈನ್‌ನಲ್ಲಿ ಮಾರೋ ಕಂಪನಿ. ನಾನೂ ನನ್ನ ಗೆಳತಿಯೂ ಒಂದೇ ಟೌನ್ ಬಸ್ ಹತ್ತಿ ಇಂಟರ್‌ವ್ಯೂಗೆ ಹೋಗಿದ್ದೆವು. ಪ್ರಶ್ನೆ: ‘ಒಂಬತ್ತು ಗೆಜ್ಜೆಗಳಿವೆ. ಎಲ್ಲವೂ ಒಂದೇ ತೂಕ. ತಕ್ಕಡಿ ಮುಟ್ಟದೆ ಹಗುರವಾದುದನ್ನು ಆರಿಸಿ.’

“ಎಲ್ಲಾ ಒಂದೇ ತೂಕ ಅಂದಮೇಲೆ ಹಗುರದ್ದು ಎಲ್ಲಿಂದ ಬರುತ್ತೆ ಸಾರ್?” ಅಂದೆ.

“ಅದೇ ಚಾಲೆಂಜು” ಅಂದರು ಅವರು. ನನ್ನ ಹೆಸರಿನ ಮುಂದೆ ಏನೋ ಬರೆದುಕೊಂಡರು. ಹೊಗಳಿಕೆ ಇದ್ದಂತಿರಲಿಲ್ಲ.

ಗೆಳತಿ ಒಳಗೆ ಹೋಗಿ “ಐದನೇದು” ಅಂದಳಂತೆ. ಯಾಕೆ ಅಂತ ಅವರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಆತ್ಮವಿಶ್ವಾಸ ಮೆಚ್ಚಿ ಕೆಲಸ ಕೊಟ್ಟರು. ಈಗ ಅಲ್ಲಿ ಗೆಜ್ಜೆಗಳ ತೂಕ ಸರಿಯಾಗಿದೆಯಾ ಅಂತ ನೋಡೋದು ಅವಳೇ.

ಮೂಟೆ

ಕೊನೆಯದು ವಿಡಿಯೋ ಇಂಟರ್‌ವ್ಯೂ. ನಮ್ಮ ಕಡೆ ಜವ್ವರಿಸಿ ಅನ್ನೋ ಸಬ್ಬಕ್ಕಿಯನ್ನು ಮಿಲ್ಲಿನಿಂದ ನೇರ ಮನೆಬಾಗಿಲಿಗೆ ತಲುಪಿಸೋ ಕಂಪನಿ. ಮಾಲೀಕ ನನ್ನದೇ ವಯಸ್ಸಿನವನು, ಟೈ ಕಟ್ಟಿ ಕೂತಿದ್ದ. ಇಂಗ್ಲಿಷ್‌ನಲ್ಲಿ ಕೇಳಿದ: “ಒಂದು ಮೂಟೆ ಜವ್ವರಿಸಿಯಲ್ಲಿ ಎಷ್ಟು ರೂಮು ಹಿಡಿಸುತ್ತೆ?”

ಈ ಕೆಲಸವೂ ತಪ್ಪಿದರೆ, ನಂಗವಳ್ಳಿಯ ಸೋದರತ್ತೆ ತಂದಿಟ್ಟಿದ್ದ ವರನ ಜಾತಕ ಕಾದಿತ್ತು. ಹಾಗಾಗಿ ಮೆಲ್ಲಗೆ ಕೇಳಿದೆ: “ಉಲ್ಟಾ ಅಲ್ವಾ ಸಾರ್? ಒಂದು ರೂಮಲ್ಲಿ ಎಷ್ಟು ಮೂಟೆ ಅಂತ?”

“ಪ್ರಶ್ನೆ ಸರಿಯಾಗೇ ಇದೆ. ಯೋಚನೆ ಮಾಡಿ” ಅಂದ.

ಅಷ್ಟರಲ್ಲಿ ಅವನ ಹಿಂದಿನ ಬಾಗಿಲಿಂದ ಅವನ ತಾಯಿಯ ದನಿ ಬಂತು, ತಮಿಳಲ್ಲಲ್ಲ, ನಮ್ಮ ಮನೇಲಿ ಆಡೋಂಥ ಕನ್ನಡದಲ್ಲೇ. “ಕಂಡೋರ ಮಗಳ್ನ ಅದೇನ್ ಕೇಳ್ತೀಯಲಾ? ಮಾರಾಟ ಆಗ್ದಿರೋ ಮೂಟೆ ಎಲ್ಲಾ ನಿನ್ ರೂಮಲ್ಲೇ ಐತೆ. ಜಾಗ ಇಲ್ದೆ ನಡುಮನೇಲಿ ಮಲಗ್ತಿದ್ದೀಯ. ಓಗಿ ಎಣ್ಸ್ಕೋ.”

ಅವನು ತಿರುಗಿಯೂ ನೋಡಲಿಲ್ಲ. ಟೈ ಸರಿಮಾಡಿಕೊಂಡ. “ಅದು ಹಿಂಟ್ ಮೇಡಂ” ಅಂದ. “ಈಗ ಉತ್ತರ ಹೇಳಿ.”

“ನೀವು ಮಲಗೋಕೆ ಜಾಗ ಇಲ್ಲದಷ್ಟು ಸಾರ್” ಅಂದೆ, ಕನ್ನಡದಲ್ಲೇ.

ಕೆಲಸ ಸಿಕ್ಕಿತು. ತಿಂಗಳು ತಿಂಗಳು ಸಂಬಳದ ಜೊತೆ ಒಂದು ಮೂಟೆ ಸಬ್ಬಕ್ಕಿಯೂ ಬರುತ್ತೆ. ಅವನು ಈಗ ಅವನ ರೂಮಿನಲ್ಲೇ ಮಲಗುತ್ತಾನಂತೆ. ನಮ್ಮ ಮನೆಯಲ್ಲಿ ನಾನು ನಡುಮನೆಗೆ ಬಂದಿದ್ದೇನೆ.