ತಕ್ಕಡಿಯ ತಟ್ಟೆಗೆ ಕುಂಕುಮ

ನನ್ನ ಅಣ್ಣನಷ್ಟು ಜಾಗರೂಕ ಮನುಷ್ಯ ಇಡೀ ಲಂಡನ್ನಿನಲ್ಲಿ ಇನ್ನೊಬ್ಬನಿಲ್ಲ. ಅವನ ಜೊತೆ ಒಂದೇ ಮನೆಯಲ್ಲಿ ಇರುವಷ್ಟು ಅಪಾಯದ ಕೆಲಸವೂ ಇನ್ನೊಂದಿಲ್ಲ. ಬಂದೂಕಿನಿಂದ ಅಪಾಯ ಅಂದುಕೊಂಡಿರಾ? ಬಂದೂಕು, ಪಾಪ, ಉಕ್ಕಿನ ಕಪಾಟಿನಲ್ಲಿ ಬೀಗದ ಹಿಂದೆ ತೆಪ್ಪಗೆ ನಿಂತಿರುತ್ತದೆ. ಅಪಾಯವೆಲ್ಲ ನನ್ನ ನೆತ್ತಿಗೆ. ಸಿಟ್ಟು ಏರಿ ಏರಿ ಅದು ಯಾವತ್ತೋ ಒಡೆಯುತ್ತದೆ.

ಹೊರಗೆ ಹೊರಟರೆ ಬಾಗಿಲು ಹಾಕುತ್ತಾನೆ, ದೂಡಿ ನೋಡುತ್ತಾನೆ, ಕಾರಿನ ತನಕ ಹೋಗುತ್ತಾನೆ, ವಾಪಸು ಬಂದು ಮತ್ತೆ ದೂಡುತ್ತಾನೆ. ಚಹಾದ ಪುಡಿಯನ್ನು ತೂಗಿ ಹಾಕುತ್ತಾನೆ. ಇದನ್ನು ಕಂಡ ಪಕ್ಕದ ಮನೆಯ ಗುಜರಾತಿ ಹೆಂಗಸು, "ನಿಮ್ಮ ಅಣ್ಣ ಅಕ್ಕಸಾಲಿಗರಾ?" ಎಂದು ಕೈಸನ್ನೆ ಮಾಡಿ ಕೇಳಿದ್ದಳು. ಅಲ್ಲ, ಬಸ್ ಡಿಪೋದಲ್ಲಿ ಫಿಟರ್. ಅಕ್ಕಸಾಲಿಗ ಆಗಿದ್ದರೆ ನನ್ನ ಕೊರಳಿಗೆ ಏನಾದರೂ ಬೀಳುತ್ತಿತ್ತಲ್ಲ.

ನನ್ನ ವಿಷಯ ಇಷ್ಟೇ. ಧಾರವಾಡದಲ್ಲಿ ಏಳನೇ ಇಯತ್ತೆಯವರೆಗೆ ಓದಿ, ಮದುವೆಯಾಗಿ ಈ ಊರಿಗೆ ಬಂದವಳು. ಗಂಡ ತೀರಿಕೊಂಡ ಮೇಲೆ ಅಣ್ಣ ಕೆಂಟನ್ನಿನ ತನ್ನ ಮನೆಗೆ ಕರೆದುಕೊಂಡು ಬಂದ. ಅವನಿಗೆ ಹೆಂಡತಿ ಮಕ್ಕಳಿಲ್ಲ. ಯಾವ ಹೆಣ್ಣನ್ನೂ ಪೂರ್ತಿ ತೂಗಿ ನೋಡಲು ಅವನಿಗೆ ಸಮಯ ಸಾಲಲಿಲ್ಲ ಎಂದು ಕಾಣುತ್ತದೆ. ಬಿಸಿಲು ಬೀಳುವ ದೊಡ್ಡ ಕೋಣೆಯನ್ನು ನನಗೆ ಬಿಟ್ಟುಕೊಟ್ಟು ತಾನು ಹಿಂದಿನ ಕೋಣೆಗೆ ಹೋದ. ಪೆಟ್ಟಿಗೆಯಂಥ ಮೂರನೇ ಕೋಣೆಯಲ್ಲಿ ಅವನ ಕೆಲಸದ ಬೆಂಚು. ಆ ಬೆಂಚೇ ನನ್ನ ಸವತಿ ಇದ್ದ ಹಾಗೆ. ಅತ್ತಿಗೆಗೆ ಸವತಿ ಆಗಬೇಕಿತ್ತು, ಅತ್ತಿಗೆ ಇಲ್ಲದ್ದಕ್ಕೆ ನನ್ನ ಪಾಲಿಗೆ ಬಂತು.

ಡಿಪೋದ ಗೆಳೆಯನೊಬ್ಬ ಹಿಂದೆ ಯಾವಾಗಲೋ ಇವನನ್ನು ಗುರಿ ಹೊಡೆಯುವ ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿಂದ ಹಿಡಿದ ಹುಚ್ಚು ಇದು. ಮೊದಲು ಪಿಸ್ತೂಲು ಇತ್ತಂತೆ, ಸರಕಾರ ಅದನ್ನು ಬಂದ್ ಮಾಡಿದ ಮೇಲೆ ಉದ್ದನೆಯ ರೈಫಲ್ ತೆಗೆದುಕೊಂಡ. ರೈಫಲ್ಲಿಗೆ ಬೇಕಾದ ತೋಟಾಗಳನ್ನು ಅಂಗಡಿಯಲ್ಲಿ ಕೊಳ್ಳಬಹುದಲ್ಲ? ಕೊಳ್ಳುವುದಿಲ್ಲ. ಹಾರಿಸಿ ಖಾಲಿಯಾದ ಹಿತ್ತಾಳೆಯ ಕೊಳವೆಗಳನ್ನು ಆರಿಸಿ ತರುತ್ತಾನೆ, ತೊಳೆಯುತ್ತಾನೆ, ಸಣ್ಣ ತಕ್ಕಡಿಯಲ್ಲಿ ಮದ್ದು ತೂಗಿ ತುಂಬುತ್ತಾನೆ, ಮೇಲೆ ಹೊಸ ಗುಂಡು ಕೂರಿಸುತ್ತಾನೆ. ನಾನು ಉಪ್ಪಿನಕಾಯಿ ಭರಣಿ ತೊಳೆದಿಟ್ಟು ಮತ್ತೆ ತುಂಬಿದರೆ "ಹಳೇ ಭರಣಿ, ಬೂಸಲ ಬರ್ತದ" ಅನ್ನುವ ಮನುಷ್ಯ ಇವನೇ.

ಬಂದೂಕಿನ ಲೈಸೆನ್ಸಿಗೆಂದು ಪೊಲೀಸಿನವರೊಬ್ಬರು ಮನೆ ನೋಡಲು ಬಂದಿದ್ದರು. ನಾನು ಉಪ್ಪಿಟ್ಟು ಕೊಟ್ಟೆ. ಅವರು ತಿನ್ನುತ್ತಾ ನನ್ನನ್ನು ಏನೋ ಕೇಳಿದರು. ನನಗೆ ಬರುವ ಇಂಗ್ಲಿಷಿನಲ್ಲಿ "ಯೆಸ್" ಎಂದೆ. ಅಣ್ಣನ ಮುಖ ಸುಣ್ಣವಾಯಿತು. ಕಪಾಟಿನ ಕೀಲಿ ಎಲ್ಲಿದೆ ಎಂದು ನಿಮಗೆ ಗೊತ್ತೇ ಎಂದು ಅವರು ಕೇಳಿದ್ದರಂತೆ. ಅದು ಅಣ್ಣನ ಹೊರತು ಯಾರಿಗೂ ಗೊತ್ತಿರಬಾರದಂತೆ. ಎಲ್ಲಿದೆ ಎಂದು ಮತ್ತೆ ಕೇಳಿದರು. ಅದಕ್ಕೂ "ಯೆಸ್" ಎಂದೆ. ಪೊಲೀಸಿನವರು ನಕ್ಕು ಇನ್ನೊಂದು ಚಮಚ ಉಪ್ಪಿಟ್ಟು ಹಾಕಿಸಿಕೊಂಡರು. ಅಣ್ಣ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಬೆಂಚಿಗೆ ಕೂತಾಗಲಂತೂ ಫೋನು ತೆಗೆದಿಡಬೇಕು, ಮಿಕ್ಸರ್ ತಿರುವಬಾರದು, ಮಾತಾಡಿಸಬಾರದು. ಒಮ್ಮೆ ಹೊಸ್ತಿಲ ಹೊರಗೇ ನಿಂತು "ಅಣ್ಣಾ, ಹೋಳಿಗಿ ಆರ್ತಾವ" ಎಂದೆ. ತಿರುಗಿ ನೋಡಿದ. ಆಮೇಲೆ ಏನು ಮಾಡಿದ ಗೊತ್ತೇ? ಅಲ್ಲಿಯತನಕ ತುಂಬಿದ ಅಷ್ಟೂ ಕೊಳವೆಗಳ ಮದ್ದನ್ನು ಒಂದೊಂದಾಗಿ ಬಾಟಲಿಗೆ ವಾಪಸು ಸುರುವಿ, ಮೊದಲಿನಿಂದ ಶುರು ಮಾಡಿದ.

"ಯಾಕ? ನಾ ಏನ್ ಮದ್ದಿಗೆ ನೀರ ಹಾಕಿದ್ನೇನು?"

"ಎಲ್ಲಿ ತನಕ ತುಂಬಿದ್ದೆ ಅನ್ನೂದು ಖಾತ್ರಿ ಇಲ್ಲೀಗ. ಒಂದ ಖಾಲಿ ಉಳದಿರಬಹುದು."

"ಉಳದ್ರ ಹಾರಂಗಿಲ್ಲ, ಅಷ್ಟ. ಹೆಚ್ಚಾದ್ರ ಅಲ್ಲೇನು ಅಪಾಯ?"

ಅವನು ಕನ್ನಡಕ ತೆಗೆದ. ಕನ್ನಡಕ ತೆಗೆದರೆ ಪಾಠ ಶುರು. "ಹೆಚ್ಚಾದ್ರ ಅಪಾಯ ಅಂತ ಕತ್ತೆಗೂ ಗೊತ್ತದ. ಕಡಿಮಿ ಆದ್ರ ಅದರಪ್ಪ. ಗುಂಡು ಹೊರಗ ಹೋಗೂದಿಲ್ಲ, ನಳಿಗ್ಯಾಗ ನಡುವ ಕುಂದರ್ತದ. ಸಪ್ಪಳಾನೂ ಭಾಳ ಬರೂದಿಲ್ಲ, ಪುಸ್ ಅಂತದ. ಮನಷ್ಯಾ ತಿಳೀದ ಇನ್ನೊಂದ ಹೊಡೀತಾನ. ಹಿಂದಿಂದು ಬಂದು ಮುಂದಿಂದಕ್ಕ ಬಡದು ನಳಿಗಿ ಹರೀತದ. ಕೈ ಹೋಗ್ತದ, ಕಣ್ಣ ಹೋಗ್ತದ. ಪುಸ್ ಅಂತಂದ್ರ ಅಲ್ಲೇ ನಿಲ್ಲಬೇಕು. ಬಂದೂಕು ಗುರಿ ಕಡೇನ ಹಿಡದು ನಿಲ್ಲಬೇಕು, ಸ್ವಲ್ಪ ತಡದು ಬಿಚ್ಚಬೇಕು, ನಳಿಗಿ ನೋಡಬೇಕು. ನೋಡದ ಇನ್ನೊಂದ ಹೊಡೀಬಾರದು. ತಿಳೀತೇನು?"

ತಿಳಿಯಿತು. ಹೋಳಿಗೆ ಆರಿತ್ತು ಎಂಬುದೂ ತಿಳಿಯಿತು.

ಇನ್ನು ನನ್ನ ಕಥೆ. ಖಂಡೇನವಮಿಯ ದಿನ ಮನೆಯ ಆಯುಧ, ಹತಾರ, ಯಂತ್ರ ಎಲ್ಲಕ್ಕೂ ಪೂಜೆ ಮಾಡುವುದು ನಮ್ಮ ಮನೆತನದ ಪದ್ಧತಿ. ಅಪ್ಪ ಇದ್ದಾಗ ದಾಡಿ ಮಾಡುವ ಕತ್ತಿಗೂ ಹೂ ಏರುತ್ತಿತ್ತು. ಕೆಂಟನ್ನಿನಲ್ಲಿ ನಾನು ಕಾರಿಗೆ, ಮಿಕ್ಸರಿಗೆ, ಹೊಲಿಗೆ ಮಶೀನಿಗೆ, ಕಡೆಗೆ ಕಸ ಹೀರುವ ಹೂವರಿಗೂ ಚೆಂಡುಹೂವಿನ ಹಾರ ಹಾಕಿದೆ. ಮನೆಯಲ್ಲಿ ನಿಜವಾದ ಆಯುಧ ಅಂತ ಇರುವುದು ಒಂದು. ಅದಕ್ಕೆ ಮಾತ್ರ ಪೂಜೆಯಿಲ್ಲ.

"ರೈಫಲ್ ಕಪಾಟಿನ್ಯಾಗ ಅದ. ಕೀಲಿ ಕೊಡಂಗಿಲ್ಲ."

"ಆತು, ಬೆಂಚಿಗರ ಒಂದ ಬೊಟ್ಟ ಹಚ್ಚತೇನಿ."

"ಬೆಂಚ ಮುಟ್ಟೀದಿ ನೋಡು ಮತ್ತ."

ಹೂವರಿಗೆ ಹಾರ, ಬಂದೂಕಿನ ಮನೆಗೆ ಬರೀ ಬೀಗ. ನನಗೆ ಎಷ್ಟು ಸಿಟ್ಟು ಬಂದಿರಬೇಡ? ಪ್ರತಿ ಭಾನುವಾರ ಸಿಡಿಮದ್ದಿನ ಮುಂದೆ ಮುಖ ಇಟ್ಟು ನಿಲ್ಲುವವನು ಇವನು. ದೇವಿಯ ಒಂದು ಬೊಟ್ಟು ಇರಲಿ ಎಂದು ನಾನು ಬೇಡಿದ್ದು ನನಗಾಗಿಯೇ? ಅವತ್ತು ಬೆಳಿಗ್ಗೆ ಅವನು ಖಾಲಿ ತಟ್ಟೆಯಿಟ್ಟು ತಕ್ಕಡಿಯ ಸೊನ್ನೆ ಸರಿಮಾಡಿಕೊಂಡು ಕೆಲಸಕ್ಕೆ ಕೂತಿದ್ದ. ನೈವೇದ್ಯಕ್ಕೆ ಮೊದಲು ಸ್ನಾನವಾಗಲೇಬೇಕು ಎಂದು ನಾನೇ ಎಬ್ಬಿಸಿದೆ. ಮದ್ದಿನ ಬಾಟಲಿಗೆ ಬೀಗ ಹಾಕಿ ಬಚ್ಚಲಿಗೆ ಹೋದ. ಕೋಣೆಯ ಬಾಗಿಲು ಮಾತ್ರ ತೆರೆದೇ ಇತ್ತು. ನಾನು ಒಳಗೆ ಹೋದೆ. ಎದುರಿಗೆ ಹಚ್ಚಿದರೆ ಒರೆಸಿಬಿಡುತ್ತಾನೆ. ಅದಕ್ಕೆ ತಕ್ಕಡಿಯ ಸಣ್ಣ ತಟ್ಟೆಯನ್ನು ಎತ್ತಿ, ಅದರ ಅಡಿಗೆ ಕಲಸಿದ ಅರಿಸಿನ ಕುಂಕುಮವನ್ನು ಕೈಯಾರೆ ಮೆತ್ತಿ, ಹಸಿ ಇರುವಾಗಲೇ ನಾಲ್ಕು ಅಕ್ಷತೆ ಕಾಳು ಒತ್ತಿ, ಮೊದಲಿದ್ದಂತೆ ಇಟ್ಟೆ. ದೇವಿಗೆ ಕಾಣುತ್ತದೆ, ಇವನಿಗೆ ಕಾಣುವುದಿಲ್ಲ ಎಂದು ಎಷ್ಟು ಹಿಗ್ಗು.

ಹೋಳಿಗೆ ಉಂಡು ಬಂದ ಅಣ್ಣ ಉಳಿದ ಕೆಲಸ ಮುಗಿಸಿದ. ಊಟವಾದ ಮೇಲೆ ಸೊನ್ನೆ ಮತ್ತೆ ನೋಡಲಿಲ್ಲ. ಅಷ್ಟು ತಪ್ಪು ಅವನದೇ ಎಂದು ನಾನು ಈಗಲೂ ವಾದ ಮಾಡುತ್ತೇನೆ. ಟಾರ್ಚ್ ಹಾಕಿ ಕೊಳವೆಗಳ ಒಳಗೆ ಇಣುಕಿ ನೋಡಿದನಂತೆ. ಆದರೆ ಎಲ್ಲದರಲ್ಲೂ ಒಂದೇ ಸಮ ಕಡಿಮೆ ಇದ್ದರೆ ಯಾವುದನ್ನು ಯಾವುದಕ್ಕೆ ಹೋಲಿಸುವುದು?

ಆ ವಾರ ಕ್ಲಬ್ಬಿಗೆ ಮನೆಯವರನ್ನೂ ಕರೆದಿದ್ದರು. ನಾನು ಅವಲಕ್ಕಿ ಚೂಡಾದ ಡಬ್ಬಿ ಹಿಡಿದು ಗಾಜಿನ ಹಿಂದೆ ಕೂತಿದ್ದೆ. ಎಲ್ಲರ ಬಂದೂಕುಗಳು ಢಂ ಢಂ ಅಂದವು. ನಮ್ಮದು ಅನ್ನಲೇ ಇಲ್ಲ. ಅಣ್ಣ ಅಲುಗಾಡದೆ ಗುರಿಗೇ ಹಿಡಿದು ನಿಂತುಬಿಟ್ಟ. ಪಕ್ಕದಲ್ಲಿದ್ದ ದಪ್ಪ ಮೀಸೆಯವನು ನಗುತ್ತಾ, ಇನ್ನೊಂದು ಹೊಡಿ ಎನ್ನುವಂತೆ ಬೆರಳು ಮಡಚಿ ತೋರಿಸಿದ. ಅಣ್ಣ ತಲೆ ಅಲ್ಲಾಡಿಸಿ ಕೈ ಮೇಲೆತ್ತಿದ. ಎಲ್ಲರ ಹೊಡೆತವೂ ನಿಂತಿತು. ಆಮೇಲೆ ಬಿಚ್ಚಿ, ನಳಿಗೆಯಲ್ಲಿ ಕೋಲು ತೂರಿಸಿದರು. ಕೋಲು ನಡುವೆಯೇ ತಡೆಯಿತು. ಬಡಿದು ಬಡಿದು ಹೊರಗೆ ಬೀಳಿಸಿದ ಗುಂಡನ್ನು ಕಂಡು ಮೀಸೆಯವನ ನಗು ಇಳಿದುಹೋಯಿತು.

ನಾನು ವರ್ಷಗಟ್ಟಲೆ ಹೀಯಾಳಿಸಿದ ಆ ಹಾಳು ಜಾಗರೂಕತೆ ಅವತ್ತು ಅವನ ಕಣ್ಣು ಉಳಿಸಿತು.

ಕಾರಿನಲ್ಲಿ ಅಣ್ಣ ತನ್ನಷ್ಟಕ್ಕೆ ಅಂದ: "ಮದ್ದು ಕಡಿಮಿ ಬಿದ್ದದ. ತಟ್ಟಿಗೆ ಏನರ ಅಂಟಿರಬೇಕು. ತಟ್ಟಿ ಭಾರ ಆದಷ್ಟ ಮದ್ದು ಕಡಿಮಿ." ನನ್ನ ಮಡಿಲಲ್ಲಿದ್ದ ಡಬ್ಬಿ ಕೆಳಗೆ ಬಿತ್ತು.

ಆಗಲೇ ಹೇಳಬೇಕಿತ್ತು. ಅಣ್ಣಾ, ಅಂಟಿಸಿದವಳು ನಾನು. ಅಷ್ಟು ಸಾಕಿತ್ತು. ನಾನೇನು ಮಾಡಿದೆ? ಅವನು ರೈಫಲ್ ಕಪಾಟಿಗಿಟ್ಟು ಬೀಗ ಹಾಕುವಷ್ಟರಲ್ಲಿ, ಚಪ್ಪಲಿ ಕೂಡ ಬಿಡದೆ ಬೆಂಚಿನ ಕೋಣೆಗೆ ಓಡಿ, ತಟ್ಟೆ ತಂದು, ಪಾತ್ರೆ ತೊಳೆಯುವ ಸೋಪು ಹಾಕಿ ತಿಕ್ಕಿ, ಸೆರಗಿನಿಂದ ಒರೆಸಿ ವಾಪಸಿಟ್ಟೆ. ಅಕ್ಷತೆ ಸಿಂಕಿನ ತೂತಿನಲ್ಲಿ ಹೋಯಿತು. ಅದರ ಜೊತೆ ನನ್ನ ಮಾನವೂ.

ಅಣ್ಣ ತಟ್ಟೆ ನೋಡಿದ. ಶುಭ್ರ. ಸೊನ್ನೆ ನೋಡಿದ. ಸರಿ. ಆಮೇಲೆ ಪ್ಲಾಸ್ಟಿಕ್ಕಿನ ಸುತ್ತಿಗೆಯಂಥ ಒಂದು ಉಪಕರಣದಲ್ಲಿ ತೋಟಾಗಳನ್ನು ಒಂದೊಂದಾಗಿ ಸಿಕ್ಕಿಸಿ, ಕುಟ್ಟಿ, ಗುಂಡು ಬಿಡಿಸಿ, ಮದ್ದು ತೂಗಿದ. ವಾರವಿಡೀ ಟಕ್ ಟಕ್. ಖಂಡೇನವಮಿಯ ಮಧ್ಯಾಹ್ನ ತುಂಬಿದ್ದೆಲ್ಲ ಕಡಿಮೆ.

"ತಕ್ಕಡಿ ಸರಿ ಅದ. ಹಂಗಾರ ನಾನ ತಪ್ಪ ಓದೇನಿ," ಎಂದ. "ಸರಿ ಓದಿದ್ದು ನನಗ ಚೊಲೋ ನೆನಪದ. ಅಪ್ಪಗೂ ಹೀಂಗ ಎಲ್ಲಾ ಚೊಲೋ ನೆನಪಿರ್ತಿತ್ತು."

ನಮ್ಮ ಅಪ್ಪ ಕಡೆಕಡೆಗೆ ಎಲ್ಲ ಮರೆತ. ಊಟ ಬಡಿಸುವ ಮಗನನ್ನೇ "ನೀವು ಯಾರ ಪೈಕಿ?" ಎಂದು ಕೇಳುತ್ತಿದ್ದ. ಅಣ್ಣನಿಗೆ ಲೋಕದಲ್ಲಿ ಇದ್ದ ಹೆದರಿಕೆ ಅದೊಂದೇ. ಬಾಗಿಲನ್ನು ಎರಡು ಸಲ ದೂಡುತ್ತಿದ್ದದ್ದೂ ಅದಕ್ಕೇ ಎಂದು ನನ್ನ ದಡ್ಡ ತಲೆಗೆ ಆಗ ಹೊಳೆಯಿತು. ಬೆಂಚಿನ ಮೇಲೆ ಬಟ್ಟೆ ಮುಚ್ಚಿದ. ಕ್ಲಬ್ಬಿಗೆ ಹೋಗುವುದು ಬಿಟ್ಟ. ಕಡೆಗೊಂದು ದಿನ, ಬರುವ ಶನಿವಾರ ರೈಫಲನ್ನು ಬಂದೂಕಿನ ಅಂಗಡಿಯವನಿಗೆ ಕೊಟ್ಟುಬಿಡುತ್ತೇನೆ ಎಂದ. ನನಗೆ ಸಿಟ್ಟು, ಅವನ ಮೇಲೆ. ಒಂದು ಸಲವಾದರೂ ನನ್ನನ್ನು ಸಂಶಯದಿಂದ ನೋಡಬಾರದೇ? ಬೈದು ಕೇಳಿದ್ದರೆ ಬಾಯಿ ಬಿಡುತ್ತಿದ್ದೆನಲ್ಲ. ಮೂರು ತಿಂಗಳು ಹೀಗೇ ಹಲ್ಲು ಕಚ್ಚಿಕೊಂಡಿದ್ದೆ.

ಶನಿವಾರಕ್ಕೆ ಮೊದಲು ನಮ್ಮ ಜಿಪಿ ಡಾಕ್ಟರ ಹತ್ತಿರ ಅಣ್ಣನ ನೆನಪಿನ ಪರೀಕ್ಷೆ. ಮನೆಯವರು ಯಾರಾದರೂ ಬರಬೇಕಂತೆ, ಹೋದೆ. ಬಿಳಿಗೂದಲಿನ ಡಾಕ್ಟರಮ್ಮ ಇವತ್ತಿನ ತಾರೀಖು ಕೇಳಿದರು. ಅಣ್ಣ ಹೇಳಿ, ನಿಮ್ಮ ಗೋಡೆಯ ಕ್ಯಾಲೆಂಡರು ಇನ್ನೂ ಹೋದ ತಿಂಗಳಲ್ಲೇ ಇದೆ ಎಂದೂ ಸೇರಿಸಿದನಂತೆ. ಅವರು ಎದ್ದು ಹಾಳೆ ತಿರುವಿದರು. ಆಮೇಲೆ ನನ್ನ ಕಡೆ ತಿರುಗಿ ಏನೋ ಕೇಳಿದರು.

ಅಣ್ಣ ನೆಲ ನೋಡುತ್ತಾ ನನಗೆ ಕನ್ನಡದಲ್ಲಿ ಹೇಳಿದ. "ಇತ್ತೀಚಿಗೆ ನಾ ಏನರ ಮರೀಲಿಕ್ಕತ್ತೇನೇನು ಅಂತ ಕೇಳ್ಲಿಕ್ಕತ್ತಾರ. ಸಂಕೋಚ ಬ್ಯಾಡ. ಇದ್ದದ್ದ ಹೇಳು."

"ಯೆಸ್" ಅನ್ನಲು ಬಾಯಿ ತೆರೆದೆ. ಬಂದದ್ದು ಬೇರೆ.

"ನೀ ಏನೂ ಮರ್ತಿಲ್ಲೋ. ತಟ್ಟಿ ಅಡಿಗೆ ಕುಂಕುಮ ನಾ ಹಚ್ಚಿದ್ದೆ, ನವಮಿ ದಿನಾ. ಅಕ್ಷತೀನೂ ಅಂಟ್ಸಿದ್ದೆ. ಕ್ಲಬ್ಬಿಂದ ಬಂದಮ್ಯಾಲೆ ನಾನ ತೊಳದಿಟ್ಟೆ. ನಿನ್ನ ತಲಿ ಸರಿ ಅದ. ನಂದ ಕೆಟ್ಟದ್ದು."

ಅಣ್ಣ ತಲೆಯೆತ್ತಿದ. ಡಾಕ್ಟರಮ್ಮ ಅವನ ಮುಖ, ನನ್ನ ಮುಖ ನೋಡಿ, ಏನಂದರು ಇವರು ಎಂದು ಅವನನ್ನು ಕೇಳಿದರು. ಇಷ್ಟುದ್ದದ ನನ್ನ ಪಾಪವನ್ನು ಅವನು ಇಂಗ್ಲಿಷಿಗೆ ತಿರುಗಿಸಬೇಕಿತ್ತು. ನಾಲ್ಕೇ ಮಾತು ಹೇಳಿದ. ನನಗೂ ತಿಳಿಯಿತು ಅದು. "ಶಿ ಸೇಸ್ ಐಯಾಮ್ ಫೈನ್."

ಮನೆಗೆ ಬಂದ ಮೇಲೆ ಇತ್ತು ಮಂಗಳಾರತಿ.

"ಕಣ್ಣ ಹೋಗ್ತಿದ್ವು ನನ್ನವು. ಅದನ್ನ ಬಿಡು. ಮೂರು ತಿಂಗಳಾ ನಾ ಅಪ್ಪನ್ಹಂಗ ಆದೆ ಅಂತ ಸಾಯ್ಲಿಕ್ಕತ್ತಿದ್ದೆ, ಬಾಯಿಗೆ ಏನ್ ಬೀಗಾ ಹಾಕಿದ್ದೀ?"

"ನೀ ಯಾಕ ಊಟಾದಮ್ಯಾಲೆ ಝೀರೊ ನೋಡ್ಲಿಲ್ಲ?" ನಾನೂ ಕೂಗಿದೆ. ತಪ್ಪು ಮಾಡಿದವರ ದನಿ ಯಾವಾಗಲೂ ಒಂದು ತೂಕ ಹೆಚ್ಚು.

ಅವನು ಫೋನಿನ ಹತ್ತಿರ ಹೋದ. ಅಂಗಡಿಯವನಿಗೆ ಫೋನು ಮಾಡಿ ರೈಫಲ್ ಕೊಡುವುದಿಲ್ಲ ಎಂದ. ನನ್ನ ಜೊತೆ ಎಷ್ಟೋ ದಿನ ಉಪ್ಪು, ಸಾರು ಅಂತಷ್ಟೇ ಮಾತಾಡಿದ. ಬೆಂಚಿನ ಕೋಣೆಗೆ ಹೊಸ ಬೀಗ ಬಂತು. ನ್ಯಾಯವೇ.

ಮುಂದಿನ ಖಂಡೇನವಮಿಗೆ ನಾನು ಹಾರಗಳನ್ನು ಎಣಿಸಿಯೇ ಕಟ್ಟಿದ್ದೆ. ಬೆಂಚಿಗೆಂದು ಒಂದು ಎಸಳೂ ಇರಲಿಲ್ಲ. ಸ್ನಾನ ಮಾಡಿ ಬಂದವನು ಎರಡೂ ಕೈಯಲ್ಲಿ ತಕ್ಕಡಿ ಹಿಡಿದು ಬಂದು ದೇವರ ಮುಂದೆ ಇಟ್ಟ.

"ತಟ್ಟಿಗೆ ಬ್ಯಾಡ, ಕಾಲಿಗೆ ಹಚ್ಚು. ಪೂಜಿ ಮೊದಲ, ಝೀರೊ ಆಮ್ಯಾಲೆ."

ತಕ್ಕಡಿಯ ಕಾಲಿಗೆ ಒಂದೊಂದೇ ಬೊಟ್ಟು ಹಚ್ಚಿದೆ. "ಅಕ್ಷತಿ?"

"ಎಣಿಸಿ ಹಾಕು. ನಾ ಎಣಿಸಿ ತಕ್ಕೋತೇನಿ."

ಅವನು ತಕ್ಕಡಿ ಎತ್ತಿಕೊಂಡು ಬೆಂಚಿಗೆ ಹೋಗಿ ಕೂತ. ನಾನು ಹೋಳಿಗೆ ಬೇಯಿಸಿ ಮುಗಿಸಿ, ಹೊಸ್ತಿಲ ಹೊರಗೆ ಬಾಯಿ ಮುಚ್ಚಿ ನಿಂತೆ. ಅವನು ತಿರುಗದೆಯೇ ಅಂದ, "ಅಲ್ಲೆ ಏನ್ ನಿಂತಿ? ಒಳಗ ಬಾ." ಟಾರ್ಚನ್ನು ನನ್ನ ಕೈಗೆ ಕೊಟ್ಟ. "ಒಂದೊಂದ ನೋಡು. ನನ್ನ ಕಣ್ಣ ಅಷ್ಟ ಸಾಲಂಗಿಲ್ಲ."

ಮರದ ಹಲಗೆಯ ತೂತುಗಳಲ್ಲಿ ಕೊಳವೆಗಳು ಸಾಲಾಗಿ ನಿಂತಿದ್ದವು. ಒಂದೊಂದರ ತಳದಲ್ಲೂ ಚಿಟಿಕೆ ಗಸಗಸೆಯಷ್ಟು ಕಪ್ಪು ಮದ್ದು. ಬೆಳಕು ಬಿಟ್ಟು ಎಲ್ಲವನ್ನೂ ನೋಡಿದೆ.

"ಸಮ ಅದಾವೇನು?"

"ಸಮ ಅದಾವ," ಎಂದೆ. ಸುಮ್ಮನಿರಬೇಕಿತ್ತು, ಇರಲಾಗಲಿಲ್ಲ. "ಪೂಜಿ ಆದಮ್ಯಾಲೆ ಝೀರೊ ನೋಡಿದಿಯೇನು?"

ಅವನು ನನ್ನನ್ನು ದುರುಗುಟ್ಟಿ ನೋಡಿದ. ತಕ್ಕಡಿಯನ್ನು ನೋಡಿದ. ಆಮೇಲೆ ಅಷ್ಟೂ ಮದ್ದನ್ನು ಒಂದೊಂದಾಗಿ ಬಾಟಲಿಗೆ ವಾಪಸು ಸುರುವಿ, ಸೊನ್ನೆಯಿಂದ ಶುರು ಮಾಡಿದ.

ಕೆಳಗೆ ಹೋಳಿಗೆ ಆರುತ್ತಿತ್ತು. ಆರಲಿ ಎಂದು ನಾನು ಟಾರ್ಚು ಹಿಡಿದು ಅವನ ಪಕ್ಕದಲ್ಲೇ ಕೂತೆ.