ಅಳತೆಗೆ ಒಬ್ಬ ಮನುಷ್ಯ

ನಿಸರ್ಗಚಿತ್ರ ಬಿಡಿಸುವವನಷ್ಟು ನಿರುಪದ್ರವಿ ಪ್ರಾಣಿ ಇನ್ನೊಂದಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ಮರಕ್ಕೆ ಜಾತಿಯಿಲ್ಲ, ಬೆಟ್ಟಕ್ಕೆ ಪಕ್ಷವಿಲ್ಲ. ಪೆನ್ಸಿಲಿಗೆ ಯಾರ ಹಂಗು? ಆ ನಂಬಿಕೆ ಕೈಬಿಟ್ಟದ್ದು 1988ರ ಮಾರ್ಚ್ ತಿಂಗಳಲ್ಲಿ. ಡೈರಿಯಲ್ಲಿದೆ.

ಆಗ ನಾನು ಒಮಾನ್ ದೇಶದ ಖುರುಮ್‌ನ ಒಂದು ಆಫೀಸಿನಲ್ಲಿ ಸ್ಟೋರ್ ಗುಮಾಸ್ತ. ಮದುವೆಯಾಗಿ ಹದಿನಾಲ್ಕು ತಿಂಗಳು. ಹೆಂಡತಿ ಶಾಲಿನಿಯ ಜೊತೆ ಕಳೆದದ್ದು ಇಪ್ಪತ್ತಮೂರು ದಿನ. ಅವಳ ಫ್ಯಾಮಿಲಿ ವೀಸಾದ ಅರ್ಜಿ ಕಫೀಲರ, ಅಂದರೆ ನಮ್ಮನ್ನೆಲ್ಲ ತಮ್ಮ ಹೊಣೆಯಲ್ಲಿ ಕರೆಸಿಕೊಂಡಿದ್ದ ಒಮಾನಿ ಮಾಲೀಕರ, ಸಹಿಗೆ ಕಾದು ಕೂತಿತ್ತು. ಇಬ್ರಾದಲ್ಲಿರುವ ಅವರ ಖರ್ಜೂರದ ತೋಟದ ಚಿತ್ರ ಬರೆದು ಕೊಡು, ಖುಷಿಯಲ್ಲಿ ಸಹಿ ಬೀಳುತ್ತದೆ ಎಂದು ಮ್ಯಾನೇಜರ್ ಶೆಟ್ಟರು ಉಪಾಯ ಹೇಳಿದರು.

ಚಿತ್ರಕಲೆಯಲ್ಲಿ ನನ್ನ ಗುರು ಒಂದು ಹಳೆಯ ಇಂಗ್ಲಿಷ್ ಪುಸ್ತಕ. ಇನ್ನೂರು ವರ್ಷದ ಹಿಂದೆ ಬೆಟ್ಟ, ಮೋಡ ಕಂಡರೆ ಮೈಮರೆಯುತ್ತಿದ್ದ ಕಲಾವಿದರ ರೇಖಾಚಿತ್ರಗಳು. ನಾನು ಎಣಿಸಿದ್ದೆ: ನಲವತ್ತು ಚಿತ್ರಗಳಲ್ಲಿ ಮೂವತ್ತೊಂದರಲ್ಲಿ ಮುಂದೆ ಒಣಮರ, ಇಪ್ಪತ್ತಾರರಲ್ಲಿ ಪಾಳುಗೋಡೆ, ಮೂವತ್ತೆಂಟರಲ್ಲಿ ದೂರದಲ್ಲಿ ಕೋಲೂರಿ ನಿಂತ ಪುಟ್ಟ ರೈತ. ಬೆಟ್ಟ ಎಷ್ಟು ದೊಡ್ಡದೆಂದು ತೋರಿಸಲು ಅವನು, ಅಳತೆಗೆ ಮಾತ್ರ. ಜಮೀನು ಯಾರದು, ಅವನಿಗೆ ಊಟವಾಯಿತೇ ಎಂದು ಪುಸ್ತಕ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತೋಟ ನೋಡಿಕೊಳ್ಳುತ್ತಿದ್ದವರು ಕಾರ್ಕಳದ ಸಂಜೀವಣ್ಣ. ವಾರದ ರಜೆ ಶುಕ್ರವಾರ, ಅಂದು ತೋಟಕ್ಕೆ ಹೋಗಿ ಬರೆಯುತ್ತಿದ್ದೆ. ಎರಡನೆಯ ಶುಕ್ರವಾರ ಅವರನ್ನು ಗುದ್ದಲಿ ಊರಿಸಿ ನಿಲ್ಲಿಸಿದೆ. "ನಾನು ಹೀಗೆ ನಿಂತರೆ ನೀರು ತಿರುಗಿಸುವುದು ಯಾರು ಮಾರಾಯ್ರೆ?" ಎಂದರು. ಒಂದೇ ಗಳಿಗೆ ಎಂದೆ. ಆ ಗಳಿಗೆ ಎರಡು ಗಂಟೆಯಾಯಿತು. ಕಾಲುವೆಯ ನೀರು ಈರುಳ್ಳಿ ಪಾತಿಯನ್ನು ಮುಳುಗಿಸಿತು.

ಚಿತ್ರ ನೋಡಿ ಶೆಟ್ಟರು ಗಾಬರಿಯಾದರು. "ಇವ ಎಂತ ಸುಮ್ಮನೆ ನಿಂತದ್ದು? ನಮ್ಮವರೆಲ್ಲ ಹೀಗೇ ಅಂತ ಕಫೀಲರು ತಿಳಿಯುವುದಿಲ್ವಾ?" ಬಗ್ಗಿ ಅಗೆಯುವಂತೆ ತಿದ್ದಿದೆ. ಈಗ ಕಫೀಲರು ಆಳುಗಳ ಬೆನ್ನು ಮುರಿಯುವವರೆಂದು ದೂರು ಕೊಟ್ಟ ಹಾಗಿದೆ ಎಂದರು ಶೆಟ್ಟರು. ನಿಂತರೂ ತಪ್ಪು, ಬಗ್ಗಿದರೂ ತಪ್ಪು. ರಬ್ಬರ್ ತೆಗೆದು ಸಂಜೀವಣ್ಣನನ್ನೇ ಅಳಿಸಿಬಿಟ್ಟೆ.

ಕಫೀಲರು ಚಿತ್ರವನ್ನು ಬಹಳ ಹೊತ್ತು ನೋಡಿದರು. ನನ್ನ ತೋಟದಲ್ಲಿ ಒಣಗಿದ ಮರ ಯಾವುದು ಎಂದು ಮೆತ್ತಗಿನ ಹಿಂದಿಯಲ್ಲಿ ಕೇಳಿದರು. ಪುಸ್ತಕದ ಪದ್ಧತಿ ಎಂದೆ. ಅಜ್ಜನ ಮನೆಯ ಗೋಡೆಗೆ ಹೋದ ತಿಂಗಳಷ್ಟೇ ಗಾರೆ ಮಾಡಿಸಿದ್ದೇನೆ, ಅದನ್ನೇಕೆ ಕೆಡವಿದೆ ಎಂದರು. ಪಾಳುಗೋಡೆಯೂ ಪುಸ್ತಕದ್ದೇ ಎಂದೆ. ಆಮೇಲೆ ನಡುವಿನ ಖಾಲಿ ಜಾಗದ ಮೇಲೆ ಬೆರಳಿಟ್ಟರು. "ಸಂಜೀವ ಎಲ್ಲಿ? ಅವನಿಲ್ಲದೆ ಈ ಮರಗಳಿಗೆ ನೀರು ಬಂದದ್ದು ಹೇಗೆ?"

ಶೆಟ್ಟರು ಕಿಟಕಿಯಿಂದ ಹೊರಗೆ ನೋಡತೊಡಗಿದರು. ಮರ ಚಿಗುರಲಿ, ಗೋಡೆ ಏಳಲಿ, ಸಂಜೀವ ಬರಲಿ, ಆಮೇಲೆ ನಿನ್ನ ಹೆಂಡತಿಯೂ ಬರಲಿ ಎಂದು ಕಫೀಲರು ಅರ್ಜಿಯನ್ನು ಡ್ರಾಯರಿಗೆ ಸೇರಿಸಿದರು.

ಇನ್ನೂ ಮೂರು ಶುಕ್ರವಾರ, ಎರಡು ರಬ್ಬರ್. ಈ ಸಲ ಸಂಜೀವಣ್ಣ ನಿಲ್ಲಲು ಒಪ್ಪಲಿಲ್ಲ. ನೀರು ತಿರುಗಿಸುತ್ತಲೇ ಚಿತ್ರದೊಳಗೆ ಬಂದರು. ಸಹಿಯೂ ಬಿತ್ತು.

ನಾನಿದ್ದ ಸೀಬ್‌ನ ಫ್ಲ್ಯಾಟಿಗೆ ಬಂದ ಶಾಲಿನಿಗೆ ಕಥೆಯನ್ನೆಲ್ಲ ಹೇಳಿದೆ, ಸುಮ್ಮನೆ ನಿಂತ ಒಬ್ಬ ಮನುಷ್ಯನಿಂದ ಎಷ್ಟು ರಾದ್ಧಾಂತವಾಯಿತು ನೋಡು ಎಂದು.

"ಅವರನ್ನು ಬಿಸಿಲಲ್ಲಿ ನಿಲ್ಲಿಸಿ ನೀವು ಎಂತ ಮಾಡ್ತಿದ್ರಿ?"

ನೆರಳಲ್ಲಿ ಕೂತಿದ್ದೆ ಎಂದೆ.

"ಹಾಗಾದ್ರೆ ಕೆಲಸ ಇಲ್ಲದೆ ಇದ್ದವರು ಚಿತ್ರದಲ್ಲೇ ಇಲ್ಲ," ಎಂದಳು.

ಅವಳು ಅಡುಗೆಮನೆಗೆ ಹೋದ ಮೇಲೆ ಡೈರಿ ತೆಗೆದೆ. ಆ ಶುಕ್ರವಾರದ ಪುಟದಲ್ಲಿ ಹೀಗಿತ್ತು: ಖರ್ಜೂರ ಹತ್ತೊಂಬತ್ತು, ಚಹಾ ಮೂರು. ಗುದ್ದಲಿ ಊರಿ ನಿಲ್ಲುವ ಮೊದಲು ಅವನ್ನು ತಂದುಕೊಟ್ಟವರು ಯಾರೆಂದು ಬರೆದಿರಲಿಲ್ಲ.